ಗರ್ಭನಾಳದ ಟ್ಯೂಬ್ ತೆಗೆದರೂ ಗರ್ಭದ ಹಾರ್ಮೋನು ಎಚ್‌ಸಿಜಿ ಇಳಿಯದಿದ್ದರೆ: ಬ್ರಿಟನ್ನಿನಲ್ಲಿರುವ ಕಲಬುರಗಿ ಹೆಣ್ಣುಮಕ್ಕಳಿಗೆ

ಊರಿಗೆ ಹೋದಾಗ ಹೊಟ್ಟೆನೋವು ಬಂತು, ಗರ್ಭ ಟ್ಯೂಬಿನಲ್ಲಿ ನಿಂತಿತ್ತು, ಕಲಬುರಗಿಯಲ್ಲೇ ಆಪರೇಷನ್ ಆಯಿತು, ತವರಲ್ಲಿ ತಿಂಗಳೊಪ್ಪತ್ತು ಇದ್ದು ವಾಪಸ್ ಬಂದೆ. ಹೀಗೆ ಹೇಳುವವರಿಗೆ ನಾನು ಮೊದಲು ಕೇಳುವುದು: ತೆಗೆದ ಟ್ಯೂಬಿನ ಬಯಾಪ್ಸಿ ರಿಪೋರ್ಟ್ ತಂದೀಯೇನವ್ವ?

ಬಹುತೇಕ ರಿಪೋರ್ಟುಗಳಲ್ಲಿ ಹೆದರುವಂಥದ್ದೇನೂ ಇರುವುದಿಲ್ಲ. ತೀರ ಅಪರೂಪಕ್ಕೆ, ಮಾಸು ಆಗಬೇಕಿದ್ದ ಜೀವಕೋಶಗಳೇ ಕೆಟ್ಟು ಕೊರಿಯೊಕಾರ್ಸಿನೋಮಾ ಎಂಬ ಕ್ಯಾನ್ಸರ್ ಆಗುತ್ತದೆ. ಟ್ಯೂಬಿನಲ್ಲಿ ಶುರುವಾದರೆ ಅದು ಗರ್ಭಕೋಶದ ಹೊರಗೆ ನಿಂತ ಗರ್ಭದಂತೆ, ಅಂದರೆ ಮಾಮೂಲಿ ಎಕ್ಟೋಪಿಕ್‌ನಂತೆಯೇ ಕಾಣುತ್ತದೆ. ಗುಟ್ಟು ಬಿಡಿಸುವುದು ಬಯಾಪ್ಸಿ, ಇಲ್ಲವೇ ಆಪರೇಷನ್ ಆದ ಮೇಲೂ ಇಳಿಯದ ಎಚ್‌ಸಿಜಿ. ಹಾಗಂತ ಎಚ್‌ಸಿಜಿ ಇಳಿಯದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಗರ್ಭದ ಚೂರು ಉಳಿದಿದ್ದರೂ ಹಾಗಾಗುತ್ತದೆ.

ಇಲ್ಲಿ ಎಲ್ಲದಕ್ಕೂ ಮೊದಲು ಜಿಪಿಯ, ಅಂದರೆ ಮನೆ ಹತ್ತಿರದ ಡಾಕ್ಟರ ಬಾಗಿಲು ಕಾಯಬೇಕೆಂದು ನಾವೆಲ್ಲ ಗೊಣಗುತ್ತೇವೆ. ಈ ರೋಗದ ಮಟ್ಟಿಗೆ ಮಾತ್ರ ಈ ದೇಶಕ್ಕೆ ಕೈಮುಗಿಯಬೇಕು. 1973ರಿಂದಲೇ ಇಂಥ ರೋಗಿಗಳ ರಾಷ್ಟ್ರಮಟ್ಟದ ನೋಂದಣಿ ಇದೆ. ಅದರ ಕೇಂದ್ರಗಳು ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆ, ಶೆಫೀಲ್ಡಿನ ವೆಸ್ಟನ್ ಪಾರ್ಕ್ ಆಸ್ಪತ್ರೆ, ಸ್ಕಾಟ್ಲೆಂಡಿನವರಿಗೆ ಡಂಡಿ ಊರು. ಹೆಸರು ಬರೆಸುವುದು ನಿಮ್ಮ ಆಸ್ಪತ್ರೆಯ ಡಾಕ್ಟರ ಕೆಲಸ; ಬರೆಸಿದಿರಾ ಎಂದು ನೀವೇ ಕೇಳಿ, ಸಂಕೋಚ ಬೇಡ. ಆಮೇಲೆ ಎಚ್‌ಸಿಜಿ ಪರೀಕ್ಷೆಯ ಸ್ಯಾಂಪಲ್ ಕಿಟ್ ಅಂಚೆಯಲ್ಲೇ ಮನೆಗೆ ಬರುತ್ತದೆ.

ಗಂಡನ ರಕ್ತವನ್ನೂ ಕೇಳಬಹುದು. ಗೆಡ್ಡೆಯಲ್ಲಿ ಗಂಡನ ಡಿಎನ್‌ಎ ಸಿಕ್ಕರೆ ಅದು ಗರ್ಭದಿಂದಲೇ ಹುಟ್ಟಿದ್ದೆಂದು ಖಾತ್ರಿ. ಸಿಗದಿದ್ದರೆ ಅದು ಬೇರೆಯೇ ರೋಗ, ಚಿಕಿತ್ಸೆಯೂ ಬೇರೆ. ಅತ್ತೆ-ಮಾವನವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ. ಡಿಎನ್‌ಎ ಅಂದ ಕೂಡಲೇ ನಮ್ಮ ಜನಕ್ಕೆ ಸಂಶಯವೇ ನೆನಪಾಗುವುದು.

ಸ್ಕ್ಯಾನು, ಎಚ್‌ಸಿಜಿ, ಹಿಂದಿನ ಗರ್ಭ ಎಲ್ಲ ನೋಡಿ ಅಪಾಯ ಎಷ್ಟೆಂದು ಅಂಕ ಹಾಕುತ್ತಾರೆ. ಆರು ಅಥವಾ ಕಡಿಮೆಯಾದರೆ ಸಾಮಾನ್ಯವಾಗಿ ಮೆಥೋಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧಿ ಒಂದೇ, ದಿನ ಬಿಟ್ಟು ದಿನ ನಾಲ್ಕು ಇಂಜೆಕ್ಷನ್, ಎರಡು ವಾರಕ್ಕೊಮ್ಮೆ ಮತ್ತೆ. ಏಳು ಅಥವಾ ಹೆಚ್ಚಾದರೆ ಹಲವು ಔಷಧಿ ಒಟ್ಟಿಗೆ. ಕಡಿಮೆ ಅಂಕದವರು ಹೆಚ್ಚುಕಡಿಮೆ ಎಲ್ಲರೂ ಗುಣವಾಗುತ್ತಾರೆ. ಮೆಥೋಟ್ರೆಕ್ಸೇಟನ್ನು ಅಮೆರಿಕದಲ್ಲಿ ರೂಪಿಸಿದ ತಂಡದ ಮುಂದಾಳು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಒಂದು ಎಚ್ಚರ: ಅದು ಫೋಲಿಕ್ ಆಸಿಡ್‌ಗೆ ಎದುರಾಗಿ ಕೆಲಸ ಮಾಡುವ ಔಷಧಿ. ರಕ್ತ ತುಂಬಲೆಂದು ಅವ್ವ ಕಳಿಸಿದ ಮಾತ್ರೆಗಳಲ್ಲಿ ಫೋಲಿಕ್ ಆಸಿಡ್ ಇದ್ದೀತು, ಅವನ್ನು ಡಾಕ್ಟರಿಗೆ ತೋರಿಸದೆ ನುಂಗಬೇಡಿ. ಚಿಕಿತ್ಸೆ ಮುಗಿದ ಮೇಲೆ ಒಂದು ವರ್ಷ ಗರ್ಭ ಬೇಡವೆನ್ನುತ್ತಾರೆ.

ವೀಸಾ ಜೊತೆ ಹೆಲ್ತ್ ಸರ್ಚಾರ್ಜ್ ಕಟ್ಟಿದವರಿಗೆ ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆಸ್ಪತ್ರೆಯ ಬಿಲ್ ಇಲ್ಲ. ವಿಸಿಟರ್ ವೀಸಾದವರ ಕಥೆ ಬೇರೆ, ಅವರು ಇನ್ಶೂರೆನ್ಸ್ ಮಾಡಿಸಿಕೊಂಡೇ ಬರಲಿ.

ಕಲಬುರಗಿಯ ರಿಪೋರ್ಟಿನಲ್ಲಿ ಅನುಮಾನವಿದ್ದರೆ ಇಲ್ಲಿನವರು ಮೂಲ ಸ್ಲೈಡು, ತೆಗೆದ ಟ್ಯೂಬಿನ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಕೇಳುತ್ತಾರೆ. ಲ್ಯಾಬಿಗೆ ಲಿಖಿತ ಅರ್ಜಿ ಕೊಡಲು ಅಣ್ಣನಿಗೋ ಮಾವನಿಗೋ ಹೇಳಿ. ತರುವವರು ಬ್ಲಾಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟು ಮರೆತರೆ ಮೇಣ ಮೆತ್ತಗಾಗಿಬಿಟ್ಟೀತು.