ಮೊಬೈಲ್ ಒತ್ತುವ ಮುನ್ನ ಉಸಿರು ಎಣಿಸಿ: ವಾರ್ಡಿನಲ್ಲಿ ‘ನ್ಯೂಸ್‌-2’ ಅಂಕ ತೆಗೆಯುವ ಕ್ರಮ

ಬೆಂಗಳೂರಿನ ಹಲವು ವಾರ್ಡ್‌ಗಳಲ್ಲಿ ಕೇಸ್ ಶೀಟ್ ತಿರುವಿದರೆ, ಜ್ವರದವರೂ ಆಪರೇಷನ್ ಆದವರೂ ನಿಮಿಷಕ್ಕೆ 18 ಇಲ್ಲವೇ 20 ಸಲ ಉಸಿರಾಡಿದಂತೆಯೇ ಬರೆದಿರುತ್ತದೆ. ಎಣಿಸದೆ ಬರೆದ ಆ ಸಂಖ್ಯೆಯನ್ನೇ ಮೊಬೈಲ್‌ಗೆ ತುಂಬಿದರೆ, ಅಂಕ ಲೆಕ್ಕ ಹಾಕುವ ಆ್ಯಪ್ ಎಷ್ಟೇ ಚೆನ್ನಾಗಿದ್ದರೂ ಉತ್ತರ ತಪ್ಪುತ್ತದೆ. ರೋಗಿಯ ಸ್ಥಿತಿ ಹದಗೆಡುವುದನ್ನು ಬೇಗ ಗುರುತಿಸಲು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ಅಂಕಪದ್ಧತಿಯೇ ‘ನ್ಯೂಸ್‌-2’. ಹದಿನಾರು ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಇದು ಸಲ್ಲದು.

ಮೊದಲ ಹಂತ: ಆಸ್ಪತ್ರೆ ಒಪ್ಪಿದ, ನೆಟ್‌ವರ್ಕ್ ಇಲ್ಲದಾಗಲೂ ತೆರೆಯುವ ಆ್ಯಪ್ ಇರಲಿ. ನಡುನಡುವೆ ಜಾಹೀರಾತು ತೋರಿಸುವುದನ್ನು ಇಂದೇ ಅಳಿಸಿ. ಫೋನನ್ನು ಶೇ 70ರ ಆಲ್ಕೋಹಾಲ್ ಸ್ವಾಬ್‌ನಿಂದ ಒರೆಸಿ. ಗ್ಲೌಸ್ ತೊಟ್ಟ ಕೈಯಲ್ಲಿ ಮುಟ್ಟಬೇಡಿ.

ಎರಡನೆಯ ಹಂತ: ಬಿಪಿ, ಪಲ್ಸ್, ಜ್ವರ, ಪ್ರಜ್ಞೆ ಎಂದಿನಂತೆ ನೋಡಿ. ಸ್ಯಾಚುರೇಷನ್‌ಗೆ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) ಮಾತ್ರ ಎಚ್ಚರ ಬೇಕು. ಉಗುರುಬಣ್ಣವಿದ್ದರೆ ಒರೆಸಿ, ಡಿಸೆಂಬರಿನ ಬೆಳಗಿನಲ್ಲಿ ಬೆರಳು ತಣ್ಣಗಿದ್ದರೆ ಬೆಚ್ಚಗಾಗಲು ಬಿಡಿ. ಗ್ಯಾಸ್ ಗೀಸರ್ ಇದ್ದ ಬಾತ್‌ರೂಮಿನಲ್ಲಿ ಕುಸಿದವರನ್ನು ಕರೆತಂದಿದ್ದರೆ, ಕಾರ್ಬನ್ ಮೊನಾಕ್ಸೈಡ್‌ನಿಂದಾಗಿ ಆಕ್ಸಿಮೀಟರ್ ಸುಳ್ಳೇ ಸಹಜ ಅಂಕಿ ತೋರಿಸಬಹುದು. ತಕ್ಷಣ ಡಾಕ್ಟರಿಗೆ ತಿಳಿಸಿ. ಫೋನಿನ ಕ್ಯಾಮೆರಾ ಮೇಲೆ ಬೆರಳಿಟ್ಟು ಆಮ್ಲಜನಕ ಅಳೆಯುವ ಆ್ಯಪ್‌ಗಳು ವಾರ್ಡಿಗೆ ಬೇಡವೇ ಬೇಡ.

ಮೂರನೆಯ ಹಂತ ಉಸಿರಿನದು. ಹೆಚ್ಚಿನವರು ಎಡವುವುದು ಇಲ್ಲೇ. ‘ಉಸಿರು ಎಣಿಸುತ್ತೇನೆ’ ಎಂದು ಹೇಳಿದೊಡನೆ ರೋಗಿಯ ಉಸಿರಿನ ಗತಿ ಬದಲಾಗುವುದರಿಂದ, ಪಲ್ಸ್ ನೋಡಿ ಮುಗಿದ ಮೇಲೂ ಮಣಿಕಟ್ಟಿನಿಂದ ಬೆರಳು ತೆಗೆಯದೆ, ಕಣ್ಣನ್ನು ಮಾತ್ರ ಎದೆಯ ಕಡೆ ಹೊರಳಿಸಿ. ಎದೆ ಏರಿ ಇಳಿದರೆ ಒಂದು ಉಸಿರು. ಫೋನಿನ ಸ್ಟಾಪ್‌ವಾಚನ್ನು ಪಕ್ಕದ ಲಾಕರ್ ಮೇಲಿಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ, ತಪ್ಪಿದ ಒಂದು ಉಸಿರು ನಾಲ್ಕಾಗುತ್ತದೆ. ಕಂಬಳಿಯಡಿ ಎದೆ ಕಾಣದಿದ್ದರೆ ಸ್ವಲ್ಪ ಸರಿಸಿ. ಟಾಯ್ಲೆಟ್‌ನಿಂದ ಈಗಷ್ಟೇ ಬಂದವರನ್ನು ಕೆಲ ನಿಮಿಷ ಸುಧಾರಿಸಿಕೊಳ್ಳಲು ಬಿಡಿ. ರೋಗಿಯನ್ನು ಮಾತನಾಡಿಸುತ್ತಿರುವ ಅಟೆಂಡರಿಗೆ, ‘ಒಂದ್ನಿಮಿಷ ಸುಮ್ನಿರಿ ಅಮ್ಮ’ ಎನ್ನಲು ಸಂಕೋಚ ಬೇಡ.

ಸ್ಯಾಚುರೇಷನ್ 95, ಮೇಲಿನ ಬಿಪಿ 108, ಪಲ್ಸ್ 104, ಜ್ವರ 38.4 ಡಿಗ್ರಿ ಸೆಲ್ಸಿಯಸ್ ಇರುವ, ಆಕ್ಸಿಜನ್ ಹಾಕಿರದ, ಪೂರ್ಣ ಎಚ್ಚರವಿರುವ ರೋಗಿಯನ್ನು ಗಮನಿಸಿ. ಉಸಿರು 18 ಎಂದು ತುಂಬಿದರೆ ಒಟ್ಟು ಅಂಕ 4, ಅಂದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ನೋಡಿದರೆ ಸಾಕು. ಎಣಿಸಿದಾಗ 26 ಬಂದರೆ ಅಂಕ 7, ಅಂದರೆ ತುರ್ತುಸ್ಥಿತಿ.

ನಾಲ್ಕನೆಯ ಹಂತ: ಆ್ಯಪ್ ಸ್ಯಾಚುರೇಷನ್‌ಗೆ ಎರಡು ಮಾಪಕ ತೋರಿಸುತ್ತದೆ. ಎರಡನೆಯದು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ಉಸಿರಾಟ ವೈಫಲ್ಯವಿದ್ದು, ಶೇ 88–92ರ ಗುರಿಯನ್ನು ಡಾಕ್ಟರ್ ಬರೆದುಕೊಟ್ಟವರಿಗೆ ಮಾತ್ರ. ಉಬ್ಬಸ ಇದೆ ಎಂದಷ್ಟಕ್ಕೇ ಅದನ್ನು ಒತ್ತಬೇಡಿ.

ಐದನೆಯ ಹಂತ: ಒಟ್ಟು 5 ದಾಟಿದರೆ ಮಾತ್ರವಲ್ಲ, 5 ಮುಟ್ಟಿದರೂ ಅಥವಾ ಯಾವುದೇ ಒಂದು ಅಳತೆಗೆ 3 ಬಂದರೂ ಡ್ಯೂಟಿ ಡಾಕ್ಟರಿಗೆ ಕರೆ ಮಾಡಿ. ಅಂಕ ಕಡಿಮೆಯಿದ್ದೂ ರೋಗಿಯನ್ನು ನೋಡಿ ನಿಮಗೆ ಆತಂಕವಾದರೆ ಆಗಲೂ ಕರೆಯಿರಿ. ಅಂಕದ ಜತೆಗೆ ಉಸಿರಿನ ಸಂಖ್ಯೆಯನ್ನೂ ಹೇಳಿ, ಕರೆದ ಹೊತ್ತನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ಆ ಶೀಟಿನ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು.