ಶ್ರೀರಂಗಪಟ್ಟಣದ ಗದ್ದೆ ನಳ್ಳಿ, ಆಷಾಢದ ಸಾರು: ನನ್ನ ಅನುಭವ

ನಳ್ಳಿ, ಅಂದ್ರೆ ಏಡಿ, ಅದರ ಸಾರು ಹೆಂಗ್ ಮಾಡ್ತೀರಾ ಅಂತ ಕೇಳೋರಿಗೆ ನಾನು ಮೊದಲು ಹೇಳೋದು ಯಾವಾಗ ಮಾಡಬೇಕು ಅನ್ನೋದನ್ನ. ಜೂನ್ 1ರಿಂದ ಜುಲೈ 31ರ ತನಕ ಕರಾವಳೀಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ, ಹಾಗಾಗಿ ಮೈಸೂರಲ್ಲಿ ಸಮುದ್ರದ ಮಾಲು ಕಮ್ಮಿ, ರೇಟು ಜಾಸ್ತಿ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಕಡೆ ಗದ್ದೆ ನಳ್ಳಿ ಏಳುತ್ತೆ. ಬೇಸಿಗೆಯೆಲ್ಲಾ ಬಿಲದ ತೇವದಲ್ಲಿ ಅಡಗಿ ಕೂತಿದ್ದವು ಮಳೆ ಬಿದ್ದು ಕನ್ನಂಬಾಡಿ ಕಟ್ಟೆಯಿಂದ (ಕೆಆರ್‌ಎಸ್) ನಾಲೆಗೆ ನೀರು ಬಿಟ್ಟ ಮೇಲೆ ಬದು ತುಂಬಾ ಓಡಾಡ್ತವೆ. ಆದ್ರೆ ಶ್ರಾವಣ ಹುಟ್ಟಿತು ಅಂದ್ರೆ ನಮ್ಮಲ್ಲಿ ಅರ್ಧ ಮನೆಗಳಲ್ಲಿ ಬಾಡು ಬಂದ್. ಹಂಗಾಗಿ ನಮಗೆ ಸಿಗೋದು ಆಷಾಢದ ಆ ಒಂದಿಷ್ಟು ದಿನ, ನಾನಂತೂ ಅದನ್ನ ಬಿಡಲ್ಲ.

ನಮ್ಮತ್ತೆ ಮನೆ ಶ್ರೀರಂಗಪಟ್ಟಣದಲ್ಲಿ, ಗಂಜಾಂ ಕಡೆ. ಪಟ್ಟಣ ಅಂದ್ರೆ ದ್ವೀಪ ಅಲ್ವಾ, ಕಾವೇರಿ ಎರಡು ಕವಲಾಗಿ ಊರನ್ನ ಬಳಸಿಕೊಂಡು ಹೋಗಿ ಸಂಗಮದಲ್ಲಿ ಮತ್ತೆ ಒಂದಾಗ್ತಾಳೆ. ಸುತ್ತ ಹೊಳೆ ಇದ್ರೂ ದ್ವೀಪದ ಒಳಗಿನ ಜಮೀನಿಗೆ ನೀರು ಬರೋದು ಬಂಗಾರದೊಡ್ಡಿ ನಾಲೇಲಿ, 17ನೇ ಶತಮಾನದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ್ದು ಅಂತಾರೆ, ಹೊಳೆ ಮೇಲೇ ಮೇಲ್ಗಾಲುವೆ ಕಟ್ಟಿ ನೀರು ಈಚೆ ತಂದಿದ್ದಾರೆ. ನಮ್ಮ ನಳ್ಳಿ ಆ ನೀರಿನ ಗದ್ದೇದು. ಹೊಳೆಯ ಮೇಲ್ಭಾಗದಲ್ಲಿ ರಂಗನತಿಟ್ಟು ಪಕ್ಷಿಧಾಮ ಇದೆ, ಅಲ್ಲಿ ಏನನ್ನೂ ಹಿಡಿಯೋ ಹಾಗಿಲ್ಲ, ಆ ಕಡೆ ಹೋಗ್ಲೇಬೇಡಿ. ಗದ್ದೆಯೋರನ್ನ ಕೇಳಿದ್ರೆ ಅವರೇ ಹಿಡ್ಕೊಳ್ಳಿ ಅಂತಾರೆ, ಯಾಕಂದ್ರೆ ನಳ್ಳಿ ಬದು ಕೊರೆದು ನೀರೆಲ್ಲಾ ಸೋರಿ ಹೋಗುತ್ತೆ, ಹೊಸದಾಗಿ ನಾಟಿ ಹಾಕಿದ ಪೈರನ್ನೂ ಕತ್ತರಿಸಿ ಹಾಕುತ್ತೆ.

ಕೇಳಲೇಬೇಕಾದ್ದು ಇನ್ನೊಂದಿದೆ, ಬದುವಿಗೆ ಕಾಳು ಔಷಧಿ, ಅಂದ್ರೆ ಹರಳು ಹರಳಾಗಿರೋ ಕೀಟನಾಶಕ, ಹಾಕಿದ್ದೀರಾ ಅಂತ. ಹಾಕಿದ್ರೆ ಆ ಗದ್ದೇದು ಬೇಡ, ಎಷ್ಟೇ ದಪ್ಪ ಇರಲಿ.

ಬಿಲದ ಬಾಯಲ್ಲಿ ಹಸಿ ಮಣ್ಣಿನ ಉಂಡೆ ಕಂಡ್ರೆ ಒಳಗೆ ನಳ್ಳಿ ಇದೆ ಅಂತ ಲೆಕ್ಕ. ಮೈದುನ ಕೈ ಹಾಕ್ತಾನೆ, ನಾನು ಹಾಕಲ್ಲ, ಹಾವಿರಬಹುದು ಅನ್ನೋ ಭಯ ನನಗೆ ಹೋಗೇ ಇಲ್ಲ, ನಾನು ನೀರಲ್ಲಿ ಓಡಾಡೋದನ್ನ ಮಾತ್ರ ಹಿಂದಿನಿಂದ ಚಿಪ್ಪಿನ ಎರಡೂ ಪಕ್ಕ ಒತ್ತಿ ಎತ್ತೋದು. ಎತ್ತಿದ ತಕ್ಷಣ ಮಗುಚಿ ನೋಡ್ತೀನಿ. ಹೊಟ್ಟೆ ಮೇಲಿನ ಮಡಚು ಕಿರಿದಾಗಿದ್ರೆ ಗಂಡು, ಅಗಲ ಇದ್ರೆ ಹೆಣ್ಣು. ಹೆಣ್ಣಾದ್ರೆ ಆ ಮಡಚನ್ನ ಉಗುರಲ್ಲಿ ಮೆಲ್ಲಗೆ ಎತ್ತಿ ನೋಡಿ, ಒಂದೊಂದು ಸಲ ಒಳಗೆ ಪೂರ್ತಿ ಕಾಲು ಮೂಡಿದ ಸಣ್ಣ ಸಣ್ಣ ಮರಿಗಳು ಒತ್ತೊತ್ತಾಗಿ ಅಂಟಿಕೊಂಡು ಮಿಸುಕಾಡ್ತಾ ಇರ್ತವೆ. ಸಮುದ್ರದ ಏಡಿ ಮರಿ ಮೊದಲು ಬೇರೆ ರೂಪದಲ್ಲಿ ನೀರಲ್ಲಿ ತೇಲಾಡಿ ಬೆಳೆಯುತ್ತೆ, ನಮ್ಮ ಸಿಹಿನೀರಿನ ನಳ್ಳೀಲಿ ಮೊಟ್ಟೆಯಿಂದ ನೇರವಾಗಿ ನಳ್ಳಿ ಮರಿಯೇ ಬರೋದು, ಕೆಲವು ದಿನ ತಾಯಿ ಹೊಟ್ಟೆಗೇ ಅಂಟಿಕೊಂಡಿರುತ್ತೆ. ಅಂಥದ್ದನ್ನ ಕೊಂದ್ರೆ ಒಂದು ಸಂಸಾರವೇ ಹೋದ ಹಾಗೆ. ನಮ್ಮತ್ತೆ ದೂರದಿಂದಲೇ ಕೂಗ್ತಾರೆ, "ಬಿಟ್ಬುಡವ್ವಾ, ಮರಿ ಕಟ್ಕಂಡದೆ, ಅದ್ಯಾಕೆ ನಮ್ಗೆ". ಬಿಟ್ಟುಬಿಡ್ತೀವಿ. ಅಮಾವಾಸ್ಯೆ ಹತ್ತಿರ ಹಿಡಿದದ್ದರಲ್ಲಿ ಮಾಂಸ ಜಾಸ್ತಿ, ಹುಣ್ಣಿಮೇಲಿ ಜೊಳ್ಳು ಅಂತಲೂ ಅತ್ತೆ ಹೇಳ್ತಾರೆ, ನಾನು ಅವರ ಮಾತೇ ಕೇಳೋದು.

ಮನೆಗೆ ತಂದು ಬಕೆಟ್ಟಲ್ಲಿ ಎರಡು ಬೆರಳಷ್ಟೇ ನೀರು ಹಾಕಿ ಬಿಡಿ, ಕೆಸರು ಕಕ್ಕಲಿ. ಸತ್ತು ಬಿದ್ದಿದ್ದನ್ನ ಎಸೆದುಬಿಡಿ, ಬೇಗ ಕೆಡುತ್ತೆ. ಕೀಳೋದಕ್ಕೆ ಮುಂಚೆ ನಾನು ಅರ್ಧ ಗಂಟೆ ಫ್ರೀಜರ್‌ನಲ್ಲಿಡ್ತೀನಿ, ಮಂಕಾಗ್ತವೆ, ಅದಕ್ಕೂ ಹಿಂಸೆ ಕಮ್ಮಿ ನಮಗೂ ಕಚ್ಚಲ್ಲ. ಆಮೇಲೆ ಮೇಲಿನ ಚಿಪ್ಪು ಎಬ್ಬಿಸಿ ಪಕ್ಕದ ಕಿವಿರು ಕಿತ್ತು ಹಾಕಿ, ಒಳಗಿನ ಹಳದಿ ಮಾತ್ರ ಬಿಸಾಕಬೇಡಿ, ಒಂದು ಬಟ್ಟಲಿಗೆ ತೆಗೆದಿಡಿ.

ಈಗ ಕಾಲು. ಇಡೀ ಸಾರಿನ ರುಚಿ ಇರೋದು ಇಲ್ಲೇ, ಮೈಸೂರಲ್ಲಿ ತುಂಬಾ ಜನ ಇದನ್ನೇ ಕಸಕ್ಕೆ ಹಾಕ್ತಾರೆ ಅಂತ ನನಗೆ ಹೊಟ್ಟೆ ಉರಿಯುತ್ತೆ. ಕಚ್ಚೋ ದೊಡ್ಡ ಕಾಲನ್ನ ಜಜ್ಜಿ ಹಾಗೇ ಸಾರಿಗೆ ಹಾಕಿ, ಸಣ್ಣ ಕಾಲುಗಳನ್ನೆಲ್ಲಾ ಚೆನ್ನಾಗಿ ತೊಳೆದು ಒರಳಲ್ಲಿ ಹಾಕಿ ಕುಟ್ಟಿ, ಮಿಕ್ಸೀಲಿ ಚಿಪ್ಪು ಪುಡಿಯಾಗಿ ರಸಕ್ಕೆ ಸೇರಿಕೊಳ್ಳುತ್ತೆ, ಆಮೇಲೆ ಹಲ್ಲಿಗೆ ಮರಳು ಸಿಕ್ಕಂಗಾಗುತ್ತೆ, ಅದಕ್ಕೇ ಒರಳು. ಕುಟ್ಟಿದ್ದಕ್ಕೆ ಎರಡು ಲೋಟ ನೀರು ಹಾಕಿ ಕಿವುಚಿ ತೆಳು ಬಟ್ಟೇಲಿ ಸೋಸಿ, ಬೂದುಬಣ್ಣದ ನೀರು ಬರುತ್ತೆ. ನೋಡೋಕೆ ಏನೂ ಚೆನ್ನಾಗಿರಲ್ಲ.

ಹನ್ನೆರಡು ನಳ್ಳಿಗೆ ಎರಡು ಈರುಳ್ಳಿ, ಒಂದು ಗೆಡ್ಡೆ ಬೆಳ್ಳುಳ್ಳಿ, ಎಂಟು ಒಣಮೆಣಸಿನಕಾಯಿ, ಎರಡು ಚಮಚ ಧನಿಯ, ಒಂದು ಚಮಚ ಕಾಳುಮೆಣಸು, ಬೆರಳುದ್ದ ಶುಂಠಿ ಹುರ್ಕೊಂಡು, ಒಂದು ಹಿಡಿ ಕಾಯಿ ಜೊತೆ ನುಣ್ಣಗೆ ರುಬ್ಬೋದು. ಚಕ್ಕೆ ಲವಂಗ ನಾನು ಹಾಕಲ್ಲ, ಕುರಿ ಬಾಡಿಗೆ ಅದು ಸರಿ, ನಳ್ಳಿಗೆ ಹಾಕಿದ್ರೆ ಗದ್ದೆಯ ಆ ಸಿಹಿ ಮುಚ್ಚಿ ಹೋಗುತ್ತೆ. ಎಣ್ಣೇಲಿ ಈರುಳ್ಳಿ ಟೊಮೆಟೊ ಬಾಡಿಸಿ, ನಳ್ಳಿ ಅರಿಶಿನ ಉಪ್ಪು ಹಾಕಿ ಕೆಂಪಗಾಗೋ ತನಕ ತಿರುವಿ, ಮಸಾಲೆ, ಸ್ವಲ್ಪ ಹುಣಸೆ ರಸ ಹಾಕಿ ಕುದಿ ಬರಿಸಿ. ಆಮೇಲೆ ಉರಿ ಸಣ್ಣ ಮಾಡಿ ಕಾಲಿನ ರಸವನ್ನ ಕೈಯಾಡಿಸ್ತಾ ನಿಧಾನಕ್ಕೆ ಸುರೀರಿ, ಹಾಲು ಒಡೆದಂಗೆ ಮೆತ್ತಗಿನ ಗರಣೆ ಗರಣೆಯಾಗಿ ಮೇಲೆ ಬರುತ್ತೆ, ಸಾರು ಆಗಲೇ ಮಂದ ಆಗೋದು. ತೆಗೆದಿಟ್ಟ ಹಳದೀನೂ ಆಗಲೇ ಸೇರಿಸಿ. ಅಲ್ಲಿಂದ ಇಪ್ಪತ್ತು ನಿಮಿಷ ಕುದೀಲೇಬೇಕು. ಸಿಹಿನೀರಿನ ನಳ್ಳೀಲಿ ಶ್ವಾಸಕೋಶಕ್ಕೆ ಹೋಗಿ ಸೇರೋ ಒಂದು ಜಾತಿ ಹುಳದ ಮರಿ ಇರಬಹುದು, ಅರೆಬೆಂದಿದ್ದು ತಿಂದ್ರೆ ಕೆಮ್ಮು, ಕಫದಲ್ಲಿ ರಕ್ತ, ಟಿಬಿ ಅಂತಲೇ ಅಂದುಕೊಳ್ಳೋ ಹಂಗೆ ಕಾಯಿಲೆ ಬರುತ್ತೆ. ಚೆನ್ನಾಗಿ ಬೇಯಿಸಿದ್ರೆ ಭಯವಿಲ್ಲ. ಹಸಿ ರಸ ಮುಟ್ಟಿದ ಒರಳು, ಬಟ್ಟೆ, ಕೈ ಎಲ್ಲಾ ಸೋಪು ಹಾಕಿ ತೊಳೀರಿ, ನೆಗಡಿಗೆ ಒಳ್ಳೇದು ಅಂತ ಹಸಿ ರಸ ಕುಡಿಸೋದಂತೂ ಬೇಡವೇ ಬೇಡ.

ಬಿಸಿ ರಾಗಿ ಮುದ್ದೆ ಬಿಟ್ರೆ ಇದಕ್ಕೆ ಬೇರೆ ಜೊತೆ ನಾನು ಒಪ್ಪಲ್ಲ. ಮುದ್ದೆ ಮುರಿದು ಆ ಗರಣೆ ಸಮೇತ ಅದ್ದಿ ನುಂಗಿ, ಕೊನೆಗೆ ಕಾಲು ಕಡಿದು ಚೀಪ್ತಾ ಕೂತ್ರೆ ಊಟ ಒಂದು ಗಂಟೆ.

ನಮ್ಮ ಮಾವನಿಗೆ ಇದು ಪ್ರಾಣ, ಹಂಗಾಗಿ ಅವರು ಹೋದ ಮೇಲೆ ಪಿತೃಪಕ್ಷದ ಎಡೆಗೆ ನಳ್ಳಿ ಸಾರು ಇಡಲೇಬೇಕು ಅಂತ ಅತ್ತೆ ಹಟ. ಆ ಹೊತ್ತಿಗೆ ಪೈರು ಬೆಳೆದು ಬದು ಕಾಣಲ್ಲ, ಗದ್ದೇಲಿ ಹುಡುಕೋದು ಕಷ್ಟ. ಅದಕ್ಕೆ ನಾಲೆ ಅಂಚಲ್ಲಿ ಕೋಲಿಗೆ ಕೋಳಿ ಕರುಳು ಕಟ್ಟಿ ಇಳಿಬಿಟ್ಟು ಕೂರೋದು, ಕಚ್ಚಿದ ತಕ್ಷಣ ಎಳೆದ್ರೆ ಬಿಟ್ಟುಬಿಡುತ್ತೆ, ನಿಧಾನಕ್ಕೆ ಮೇಲೆತ್ತಿ ಕೆಳಗೆ ಬುಟ್ಟಿ ಹಿಡೀಬೇಕು.