ಬೆನ್ನುಮೂಳೆ ಸಿಟಿ: ಕೋಡ್ ಹಾಕುವ ಮೊದಲು ‘ಟೆಕ್ನಿಕ್’ ಓದಿ

ನವಿ ಮುಂಬೈನ ಐರೋಲಿ, ಪುಣೆಯ ಹಿಂಜೇವಾಡಿಯ ಆಫೀಸುಗಳಲ್ಲಿ ಕುಳಿತು ಅಮೆರಿಕದ ರೇಡಿಯಾಲಜಿ ರಿಪೋರ್ಟುಗಳಿಗೆ, ವಿಮೆಯಿಂದ ಹಣ ಕೇಳಲು ಬೇಕಾದ ಕೋಡ್ ಹಾಕುವ ಕನ್ನಡದ ಹುಡುಗ ಹುಡುಗಿಯರಿದ್ದಾರೆ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ಔಷಧ) ಇಲ್ಲದ ಬೆನ್ನುಮೂಳೆ ಸಿಟಿ ಸ್ಕ್ಯಾನ್ ಬಂದರೆ ಸುಲಭದ ಚಾರ್ಟ್ ಎಂದು ಹೊಸಬರು ಓಡಿಸಿಬಿಡುತ್ತಾರೆ. ಆಡಿಟ್‌ನಲ್ಲಿ ಸಿಕ್ಕಿಬೀಳುವುದೂ ಅಲ್ಲೇ. ಕ್ಲೇಮ್ ಡಿನೈ ಆದರೆ, ಅಂದರೆ ವಿಮೆಯವರು ಹಣ ಕೊಡಲು ಒಪ್ಪದಿದ್ದರೆ, ಹೋಗುವುದು ನಿಮ್ಮ ಸ್ಕೋರ್ ಮಾತ್ರವಲ್ಲ. ಸೊಂಟ ಹಿಡಿದುಕೊಂಡು ಮಲಗಿದ ಯಾರದೋ ಮನೆಗೆ ಪೂರ್ತಿ ಬಿಲ್ ಹೋಗಬಹುದು.

ಮೊದಲ ಹೆಜ್ಜೆ, ಯಾವ ಭಾಗ ಎಂಬುದು. ಕಾಂಟ್ರಾಸ್ಟ್ ಇಲ್ಲದ ಸಿಟಿಗೆ ಸಿಪಿಟಿ ಕೋಡ್ (ಮಾಡಿದ ಪರೀಕ್ಷೆಯ ಕೋಡ್) ಹೀಗೆ: ಕುತ್ತಿಗೆಗೆ 72125, ಎದೆಯ ಹಿಂದಿನ ಥೊರಾಸಿಕ್‌ಗೆ 72128, ಸೊಂಟದ ಲಂಬರ್‌ಗೆ 72131. ಲಂಬರ್ ಸ್ಕ್ಯಾನಿನ ಮೇಲಂಚಿನಲ್ಲಿ ಥೊರಾಸಿಕ್‌ನ ಕೊನೆಯ ಮೂಳೆ ಟಿ12 ಕಂಡಿತೆಂದು 72128 ಸೇರಿಸಬೇಡಿ. ಬೆನ್ನುಮೂಳೆಯ ಬುಡದ ಸೇಕ್ರಮ್, ಕಾಕ್ಸಿಕ್ಸ್ ಮಾತ್ರ ನೋಡಿದ್ದರೆ ಅದು ಪೆಲ್ವಿಸ್‌ನ 72192.

ಎರಡನೆಯದು ಕಾಂಟ್ರಾಸ್ಟ್. ಎಲ್ಲರೂ ಎಡವುವ ಜಾಗ ಇದು. ರಿಪೋರ್ಟಿನ ತಲೆಬರಹವನ್ನು ನಂಬಬೇಡಿ. ಅದು ಬಹಳ ಸಲ ಆರ್ಡರ್ ಹಾಕಿದಾಗಲೇ ಸಿಸ್ಟಮ್‌ನಿಂದ ತಾನಾಗಿ ಬಂದು ಕೂತಿರುತ್ತದೆ. ಆಮೇಲೆ ಟೇಬಲ್ ಮೇಲೆ ಆದದ್ದೇ ಬೇರೆ ಇರಬಹುದು. ಸ್ಕ್ಯಾನ್ ಹೇಗೆ ಮಾಡಿದರು ಎಂದು ಹೇಳುವ ‘ಟೆಕ್ನಿಕ್’ ಪ್ಯಾರಾವನ್ನು ಒಂದೊಂದು ಪದ ಬಿಡದೆ ಓದಿ. ರಕ್ತನಾಳಕ್ಕೆ, ಕೀಲಿನೊಳಕ್ಕೆ ಅಥವಾ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಟ್ಟದ್ದು ಮಾತ್ರ ಲೆಕ್ಕಕ್ಕೆ ಬರುವ ಕಾಂಟ್ರಾಸ್ಟ್. ಬಾಯಿಂದ ಕುಡಿಸಿದ್ದು, ಗುದದ್ವಾರದಿಂದ ಕೊಟ್ಟದ್ದು ಲೆಕ್ಕಕ್ಕಿಲ್ಲ. ಕೋಡ್ ‘ಕಾಂಟ್ರಾಸ್ಟ್ ಇಲ್ಲದ್ದು’ ಆಗಿಯೇ ಉಳಿಯುತ್ತದೆ. ಐವಿ ಲೈನ್ ಹಾಕಿದ್ದರು ಎಂಬ ಒಂದು ಮಾತೂ ಸಾಲದು, ಅದರಲ್ಲಿ ಏನು ಹೋಯಿತು ಎಂದು ಬರೆದಿರಬೇಕು.

ತಲೆಬರಹದಲ್ಲಿ ‘ಲಂಬರ್ ಸ್ಪೈನ್ ವಿತೌಟ್ ಕಾಂಟ್ರಾಸ್ಟ್’ ಎಂದಿದೆ, ಒಳಗೆ ‘ಮೈಲೋಗ್ರಾಮ್ ನಂತರದ ಚಿತ್ರಗಳು’ ಎಂಬ ಒಂದು ಸಾಲಿದೆ ಎಂದುಕೊಳ್ಳಿ. ಆಗ 72131 ತಪ್ಪು. ಮೈಲೋಗ್ರಾಮ್ ಎಂದರೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ (ಇಂಟ್ರಾಥೀಕಲ್) ಕಾಂಟ್ರಾಸ್ಟ್ ಹೋಗಿದೆ ಎಂದು, ಹಾಗಾಗಿ ‘ಕಾಂಟ್ರಾಸ್ಟ್ ಇರುವ’ 72132. ಇದಕ್ಕೆ ತಿರುಗಾಮುರುಗಾ ಪ್ರಕರಣವೂ ಇದೆ: ಆರ್ಡರ್ ಇದ್ದದ್ದು ‘ವಿತ್ ಅಂಡ್ ವಿತೌಟ್’, ಟೆಕ್ನಿಕ್‌ನಲ್ಲಿ ಒಂದೇ ಸರಣಿ, ಕಾಂಟ್ರಾಸ್ಟ್ ಇಲ್ಲದ್ದು. ಆರ್ಡರ್ ನೋಡಿ ‘ವಿತ್ ಅಂಡ್ ವಿತೌಟ್’ನ 72133 ಹಾಕಿದರೆ ಮಾಡದ ಕೆಲಸಕ್ಕೆ ಹಣ ಕೇಳಿದಂತಾಗುತ್ತದೆ. ತಲೆಬರಹ ಒಂದು ಹೇಳಿ ಒಳಗಿನ ಪ್ಯಾರಾ ಸುಮ್ಮನಿದ್ದರೆ ಊಹೆ ಬೇಡ, ರೇಡಿಯಾಲಜಿಸ್ಟ್‌ಗೆ ಕ್ವೆರಿ ಕಳಿಸಿ, ಅಡೆಂಡಮ್ (ರಿಪೋರ್ಟಿಗೆ ಸೇರಿಸುವ ತಿದ್ದುಪಡಿ) ಬರುವವರೆಗೆ ಚಾರ್ಟ್ ಹೋಲ್ಡ್‌ನಲ್ಲಿಡಿ. ದಿನದ ಟಾರ್ಗೆಟ್ ಒಂದು ಕಡಿಮೆಯಾದರೆ ಆಗಲಿ. ತಲೆಬರಹ ನೋಡಿ ತಾನೇ ಕೋಡ್ ಸೂಚಿಸುವ ಸಾಫ್ಟ್‌ವೇರ್‌ಗಳನ್ನು ಈ ಹೆಜ್ಜೆಯಲ್ಲಿ ಮುಟ್ಟಲೇಬಾರದು.

ಮೂರನೆಯದು ಡಯಾಗ್ನೋಸಿಸ್, ಅಂದರೆ ಕಾಯಿಲೆಯ ಐಸಿಡಿ-10 ಕೋಡ್. ರಿಪೋರ್ಟಿನ ತೀರ್ಮಾನವಾದ ‘ಇಂಪ್ರೆಷನ್’ನಲ್ಲಿ ಖಚಿತವಾಗಿ ಹೇಳಿದ್ದನ್ನು ಕೋಡ್ ಮಾಡಿ, ಏನೂ ಸಿಗದಿದ್ದರೆ ಸ್ಕ್ಯಾನಿಗೆ ಕಾರಣವಾದ ಲಕ್ಷಣವನ್ನು. ‘ಪ್ರಾಬಬಲ್’, ‘ಸಸ್ಪೆಕ್ಟೆಡ್’, ‘ರೂಲ್ ಔಟ್’, ‘ಕನ್ಸಿಸ್ಟೆಂಟ್ ವಿತ್’ ಎಂದಿದ್ದರೆ ಹೊರರೋಗಿಗೆ ಅದು ಕಾಯಿಲೆ ಎಂದು ಲೆಕ್ಕವಾಗುವುದಿಲ್ಲ. ‘ಸೊಂಟನೋವು, ರೂಲ್ ಔಟ್ ಫ್ರ್ಯಾಕ್ಚರ್’ ಎಂದು ಬಂದು ಸ್ಕ್ಯಾನ್ ನಾರ್ಮಲ್ ಆಗಿದ್ದರೆ ಸೊಂಟನೋವಿನ ಎಂ54.50 ಅಷ್ಟೇ. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಓಡಾಡುವ ಎಕ್ಸೆಲ್ ಪಟ್ಟಿಗಳಲ್ಲಿ ಇನ್ನೂ ಎಂ54.5 ಇರುತ್ತದೆ. ಅದು 2021ರ ಅಕ್ಟೋಬರ್ 1ರಿಂದ ಚಾಲ್ತಿಯಲ್ಲಿಲ್ಲ. ಲಂಬರ್ ಡಿಸ್ಕ್ ಸವೆತದ ಎಂ51.36 ಕೂಡ 2024ರ ಅಕ್ಟೋಬರ್‌ನಿಂದ ಆರನೆಯ ಅಂಕಿ ಕೇಳುತ್ತದೆ: ಬರೀ ಬೆನ್ನುನೋವಿದ್ದರೆ 0, ಬರೀ ಕಾಲುನೋವಿದ್ದರೆ 1, ಎರಡೂ ಇದ್ದರೆ 2, ನೋವಿನ ಮಾತೇ ಇಲ್ಲದಿದ್ದರೆ 9. ಹಳೆಯ ಸಾಲಿನ ಕೋಡ್ ಪುಸ್ತಕ ಅರ್ಧ ಬೆಲೆಗೆ ಸಿಕ್ಕರೂ ಕೊಳ್ಳಬೇಡಿ.

ಮೂಳೆ ಮುರಿದಿದ್ದರೆ ಕಾರಣ ಹುಡುಕಿ. ಬಿದ್ದು ಲಂಬರ್‌ನ ಮೊದಲ ಮೂಳೆ ಎಲ್1 ಕುಸಿದಿದ್ದರೆ ಎಸ್32.010ಎ. ಆಸ್ಟಿಯೋಪೊರೋಸಿಸ್‌ನಿಂದಾದರೆ (ಮೂಳೆ ಟೊಳ್ಳಾಗಿ ದುರ್ಬಲವಾಗುವ ಕಾಯಿಲೆ) ಎಂ80.08ಎಕ್ಸ್‌ಎ. ಕೊನೆಯ ‘ಎ’ ಎಂದರೆ ಮೊದಲ ಭೇಟಿ ಎಂದಲ್ಲ, ಸಕ್ರಿಯ ಚಿಕಿತ್ಸೆ ನಡೆಯುತ್ತಿದೆ ಎಂದು. ಮೂಳೆ ಕೂಡಿಕೊಳ್ಳುವ ಹಂತದ ಸ್ಕ್ಯಾನಿಗೆ ‘ಡಿ’.

ಮಾಡಿಫೈಯರ್, ಅಂದರೆ ಕೋಡಿನ ಕೊನೆಗೆ ಸೇರಿಸುವ ಎರಡಂಕಿ, ಕಷ್ಟವಿಲ್ಲ. ಆಸ್ಪತ್ರೆಯ ಯಂತ್ರದಲ್ಲಿ ತೆಗೆದದ್ದನ್ನು ಓದಿ ರಿಪೋರ್ಟ್ ಕೊಟ್ಟ ವೈದ್ಯರಿಗೆ 26; ಯಂತ್ರವೂ ಓದುವ ವೈದ್ಯರೂ ಒಂದೇ ಸೆಂಟರಿನವರಾದರೆ ಏನೂ ಬೇಡ. ಕೊರೋನಲ್ (ಎದುರಿನಿಂದ), ಸ್ಯಾಜಿಟಲ್ (ಪಕ್ಕದಿಂದ) ನೋಟದ ಮರುರಚನೆ ಮೂಲ ಕೋಡಿನೊಳಗೇ ಬರುತ್ತದೆ, ಅದಕ್ಕೆ 3ಡಿ ಚಿತ್ರದ 76376 ಹಾಕುವುದು ತಪ್ಪು. ಎರಡು ಕೋಡ್ ಕಂಡ ಕೂಡಲೇ ‘ಇದು ಬೇರೆಯದೇ ಕೆಲಸ’ ಎನ್ನುವ 59 ಅಂಟಿಸುವ ಚಟ ಬಿಡಿ. ಒಟ್ಟಿಗೆ ಬಿಲ್ ಮಾಡಬಾರದ ಕೋಡ್ ಜೋಡಿಗಳ ಎನ್‌ಸಿಸಿಐ ಪಟ್ಟಿಯಲ್ಲಿ ಆ ಜೋಡಿ ಇದೆಯೇ ಎಂದು ಮೊದಲು ನೋಡಿ.

ಒಂದೇ ಹೊತ್ತಿನಲ್ಲಿ ಕುತ್ತಿಗೆ, ಸೊಂಟ ಎರಡನ್ನೂ ಸ್ಕ್ಯಾನ್ ಮಾಡಿದ್ದರೆ 72125, 72131 ಎರಡನ್ನೂ ಹಾಕಿ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್, ಕಡಿಮೆ ದರದ ಸ್ಕ್ಯಾನಿನ ಯಂತ್ರದ ಪಾಲಿನಲ್ಲಿ ಶೇ 50, ಓದುವ ಪಾಲಿನಲ್ಲಿ ಶೇ 5 ಕಡಿತ ಮಾಡುತ್ತದೆ. ಅದು ಡಿನಯಲ್ ಅಲ್ಲ, ನಿಯಮ. ಅಪೀಲಿಗೆ ಹಾಕಬೇಡಿ.